ಶಾಲು ಹೊದಿಸಿದ್ದು ಸಾಕು, ಪಾಠ ಮಾಡಲು ಬಿಡಿ

ಓದುಗರ ಪತ್ರ: "ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಟ್ರೈನಿಯಾಗಿ ಸೇರಿ, ಪ್ಲಾಂಟ್ ಹೆಡ್ ಆಗಿ ಹೋದ ವರ್ಷ ನಿವೃತ್ತನಾದೆ. ಎಂಬಿಎ ಹುಡುಗರಿಗೆ ಪಾಠ ಮಾಡಬೇಕೆಂಬ ಆಸೆ. ಕಾಲೇಜಿನವರು ಅತಿಥಿ ಉಪನ್ಯಾಸಕ್ಕೆ ಕರೆಯುತ್ತಾರೆ, ಶಾಲು ಹೊದಿಸಿ ಕಳಿಸುತ್ತಾರೆ. ಒಂದು ಪೂರ್ತಿ ಸೆಮಿಸ್ಟರ್ ಕೊಡಿ ಎಂದರೆ ಪಿಎಚ್‌ಡಿ ಎಲ್ಲಿ ಅನ್ನುತ್ತಾರೆ. ಪ್ರೊಫೆಸರ್ ಆಗಿರುವ ಗೆಳೆಯನೊಬ್ಬ, 'ನಿನ್ನ ಹತ್ತಿರ ಇರುವುದು ಅನುಭವ, ವಿದ್ಯೆ ಅಲ್ಲ' ಎಂದ. ಮಕ್ಕಳು ಸುಮ್ನೆ ಆರಾಮಾಗಿರಿ ಅನ್ನುತ್ತಾರೆ. ನನ್ನದು ಅತಿಯಾಸೆಯೇ?" (ಹೆಸರು ಬೇಡ ಎಂದಿದ್ದಾರೆ, ತುಮಕೂರು)

ಸಂಪಾದಕರ ಉತ್ತರ:

ಖಂಡಿತ ಅಲ್ಲ. ಇಷ್ಟು ಸಂಕೋಚದಿಂದ ಕೇಳಿದ್ದೀರಲ್ಲ, ಅದಕ್ಕೇ ನಿಮ್ಮ ಮೇಲೆ ಸ್ವಲ್ಪ ಕೋಪ.

ಜಾಗ ಸಾಲದೆ ನಿಮ್ಮ ಪತ್ರದ ಎರಡನೇ ಪುಟವನ್ನು ಮೇಲೆ ಹಾಕಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ರಾತ್ರಿ ಒಂದೂವರೆಗೆ ನಿಮ್ಮ ಗಿರಾಕಿ ಕಾರು ಕಂಪನಿಯಿಂದ ಫೋನ್ ಬಂತು. ನೀವು ಕಳಿಸಿದ ಪಿನ್‌ಗಳು ಇರಬೇಕಾದ್ದಕ್ಕಿಂತ ಇಪ್ಪತ್ತು ಮೈಕ್ರಾನ್ ಹೆಚ್ಚು ದಪ್ಪ ಇದ್ದವು. ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸ, ಆದರೆ ಅಳತೆ ನೋಡುವ ಗೇಜಿನೊಳಗೆ ಹೋಗುತ್ತಿಲ್ಲ. ಬೆಳಗಿನ ಶಿಫ್ಟಿಗೆ ಕಾರಿನ ಲೈನೇ ನಿಲ್ಲುತ್ತದೆ. ನೀವೂ ಇಬ್ಬರು ಹುಡುಗರೂ ಬಾಡಿಗೆ ಕಾರಿನಲ್ಲಿ ಹೊರಟು, ಗಿರಾಕಿಯ ಸ್ಟೋರ್ಸ್ ನೆಲದ ಮೇಲೆ ಕೂತು ಒಂದೊಂದೇ ಪಿನ್ ಗೇಜಿಗೆ ಹಾಕಿ ಬೇರ್ಪಡಿಸಿದಿರಿ. ಅವರ ಇನ್‌ಸ್ಪೆಕ್ಟರ್ ಕೈಕಟ್ಟಿ ನಿಂತು ನೋಡುತ್ತಿದ್ದ. ತಿಂಗಳಾದ ಮೇಲೆ ಗೊತ್ತಾಯಿತು, ತಪ್ಪು ಮಷೀನಿನದಲ್ಲ. ಲೋಹ ಕೆತ್ತುವ ಸವೆದ ಟೂಲ್ ಬದಲಿಸಬೇಕಾದ ಹೊತ್ತಿನಲ್ಲಿ ಓವರ್‌ಟೈಮ್ ಉಳಿಸಲು ಆ ಕೆಲಸ ಮುಂದೂಡಿ ಎಂದು ಸಹಿ ಹಾಕಿದ್ದವರು ನೀವೇ. "ಇದನ್ನೆಲ್ಲ ಹುಡುಗರ ಮುಂದೆ ಹೇಳಲಾಗುತ್ತದೆಯೇ, ನಾಚಿಕೆ" ಎಂದು ಬರೆದಿದ್ದೀರಿ. ಹೇಳಿ ಸ್ವಾಮಿ, ಮೊದಲು ಇದನ್ನೇ ಹೇಳಿ. ಖರ್ಚು ಉಳಿಸುವ ಒಂದು ಸಹಿ ಎಷ್ಟು ದೂರ ಹೋಗಿ ಯಾರ ನಿದ್ದೆ ಕೆಡಿಸುತ್ತದೆ ಎನ್ನುವುದು ಯಾವ ಪಠ್ಯದಲ್ಲಿದೆ?

ನಿಮ್ಮ ಪ್ರೊಫೆಸರ್ ಗೆಳೆಯರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಒಂದು ಕಾರ್ಖಾನೆಯಲ್ಲಿ ಕಂಡದ್ದು ಎಲ್ಲ ಕಡೆ ನಿಜವಾಗಬೇಕಿಲ್ಲ. ಅದನ್ನು ಒರೆಗೆ ಹಚ್ಚಲು ಸಂಶೋಧನೆ ಬೇಕು, ಶಿಸ್ತು ಬೇಕು. ಇಷ್ಟನ್ನು ಒಪ್ಪೋಣ. ಆದರೆ ಅನುಭವ ಬೇರೆ, ವಿದ್ಯೆ ಬೇರೆ ಎಂದು ಗೋಡೆ ಕಟ್ಟಿ, ಗೋಡೆಯ ಆಚೆ ನಿಮ್ಮನ್ನು ನಿಲ್ಲಿಸಿದ್ದಾರಲ್ಲ, ಅದನ್ನು ಒಪ್ಪಲಾರೆ.

ನಿಮಗೆ ಒಬ್ಬರ ಕಥೆ ಹೇಳಬೇಕು. ಹೆಸರು ಆರ್‌ಜೇ ಮಿಲ್ಲರ್. 1916ರಲ್ಲಿ ಅಮೆರಿಕದ ನೆಬ್ರಾಸ್ಕಾದ ಶೆಲ್ಬಿ ಎಂಬ ಸಣ್ಣ ಊರಿನ ರೈತರ ಮನೆಯಲ್ಲಿ, ಎಂಟು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಲೆಕ್ಕಾಚಾರದ ವಿಭಾಗದಲ್ಲಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಮಿಲ್ಲರ್ ಸೇರಿ ಆ ವಿಭಾಗದ ಹತ್ತು ಜನ ಒಟ್ಟಾಗಿ ಫೋರ್ಡ್ ಕಂಪನಿಗೆ ಸೇರಿದರು. ಆಗ ಫೋರ್ಡ್ ನಷ್ಟದಲ್ಲಿ ಮುಳುಗುತ್ತಿತ್ತು. ಲೆಕ್ಕಪತ್ರ ಎಷ್ಟು ಹದಗೆಟ್ಟಿತ್ತೆಂದರೆ, ಬಿಲ್ಲುಗಳನ್ನು ತಕ್ಕಡಿಗೆ ಹಾಕಿ ತೂಕದ ಮೇಲೆ ಬಾಕಿ ಅಂದಾಜು ಮಾಡುತ್ತಿದ್ದರು ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಈ ಹತ್ತು ಜನ ಮೊದಲ ಕೆಲವು ತಿಂಗಳು ವಿಭಾಗದಿಂದ ವಿಭಾಗಕ್ಕೆ ಹೋಗಿ ಬರೀ ಪ್ರಶ್ನೆ ಕೇಳಿದರು. ಹಳಬರಿಗೆ ತಲೆ ಕೆಟ್ಟು 'ಕ್ವಿಜ್ ಕಿಡ್ಸ್' ಎಂದು ಕರೆದರಂತೆ. ಮುಂದೆ ಅದೇ 'ವಿಜ್ ಕಿಡ್ಸ್', ಅಂದರೆ ಮಹಾ ಚುರುಕಿನ ಹುಡುಗರು ಎಂದಾಯಿತು. ಅವರಲ್ಲಿ ಒಬ್ಬರು ರಾಬರ್ಟ್ ಮೆಕ್‌ನಮಾರ, ಆಮೇಲೆ ಅಮೆರಿಕದ ರಕ್ಷಣಾ ಸಚಿವರಾದವರು. ಮಿಲ್ಲರ್ 1963ರಲ್ಲಿ ಫೋರ್ಡ್ ಅಧ್ಯಕ್ಷರಾದರು.

ಅದಕ್ಕೂ ಮುಂಚೆ ಒಂದು ದೊಡ್ಡ ಪೆಟ್ಟನ್ನು ಒಳಗಿದ್ದೇ ನೋಡಿದ್ದರು. 1957ರಲ್ಲಿ ಭಾರಿ ಸದ್ದು ಮಾಡಿಕೊಂಡು ಬಂದ ಎಡ್ಸೆಲ್ ಕಾರು ಮಕಾಡೆ ಮಲಗಿತು. 1959ರ ಕೊನೆಗೆ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಇವರು ಅಧ್ಯಕ್ಷರಾದ ಮರುವರ್ಷ, 1964ರ ಏಪ್ರಿಲ್‌ನಲ್ಲಿ, ಮಸ್ಟ್ಯಾಂಗ್ ಬಂತು. ಒಂದೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಸೋಲು, ಗೆಲುವು ಎರಡನ್ನೂ ಒಂದೇ ಕಟ್ಟಡದಲ್ಲಿ ಕೂತು ಕಂಡವರು ಅವರು. 1968ರಲ್ಲಿ ಕಂಪನಿಯ ಮುಖ್ಯಸ್ಥ, ಸಂಸ್ಥಾಪಕರ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಎದುರಾಳಿ ಜನರಲ್ ಮೋಟಾರ್ಸ್‌ನಿಂದ ಒಬ್ಬರನ್ನು ಕರೆತಂದು ಅಧ್ಯಕ್ಷರ ಕುರ್ಚಿ ಕೊಟ್ಟರು. ಮಿಲ್ಲರ್ ಉಪಾಧ್ಯಕ್ಷರಾಗಿ ಪಕ್ಕಕ್ಕೆ ಸರಿದರು. ಆಗ ಅವರಿಗೆ ವಯಸ್ಸು 51.

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಕಂಪನಿ ಹುಡುಕುತ್ತಿದ್ದರು. ಮಿಲ್ಲರ್ 1969ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆಗೆ ಡೀನ್ ಆಗಿ ಹೋದರು. ಹತ್ತು ವರ್ಷ ಅಲ್ಲಿದ್ದರು. ಸುಮ್ನೆ ಹೆಸರಿಗೆ ಹೋದವರಲ್ಲ. 1967ರ ಬೇಸಿಗೆಯಲ್ಲಿ ಡೆಟ್ರಾಯಿಟ್ ನಗರ ಗಲಭೆಯಲ್ಲಿ ಉರಿದಾಗ 43 ಜನ ಸತ್ತಿದ್ದರು. ಕಾರು ಕಂಪನಿಗಳ ಊರೇ ಅದು. ಅಂಥ ಊರು ಸುಡುತ್ತಿರುವಾಗ ಕಂಪನಿ ನಡೆಸುವುದನ್ನು ಮಾತ್ರ ಕಲಿತವರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಅವರಲ್ಲಿ ಉಳಿದಿತ್ತು. ಸರ್ಕಾರ, ಊರು, ಸಾರ್ವಜನಿಕ ಸಂಸ್ಥೆ ನಡೆಸುವುದನ್ನೂ ಕಲಿಸುವುದಾದರೆ ಮಾತ್ರ ಬರುತ್ತೇನೆ ಎಂದರು. ಸ್ಟ್ಯಾನ್‌ಫರ್ಡ್‌ನ ಸಾರ್ವಜನಿಕ ನಿರ್ವಹಣೆಯ ಕೋರ್ಸ್ ಹುಟ್ಟಿದ್ದು ಹೀಗೆ. ಪುಸ್ತಕದೊಳಗಿಂದ ಹುಟ್ಟಿದ ಕೋರ್ಸ್ ಅಲ್ಲ ಅದು, ಸುಟ್ಟ ಬೀದಿಯನ್ನು ಕಂಡವರು ತಂದ ಕೋರ್ಸ್. ಇವತ್ತಿಗೂ ಅಲ್ಲಿ ತರಗತಿಯಲ್ಲಿ ಓದಿನಲ್ಲಿ ಮುಂದಿರುವ ಮೊದಲ ಶೇಕಡ 10ರಷ್ಟು ವಿದ್ಯಾರ್ಥಿಗಳಿಗೆ 'ಆರ್‌ಜೇ ಮಿಲ್ಲರ್ ಸ್ಕಾಲರ್' ಎಂಬ ಗೌರವ ಸಿಗುತ್ತದೆ. ಅವರು 101 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು.

"ಅವರು ಫೋರ್ಡ್ ಅಧ್ಯಕ್ಷರು, ನಾನು ತುಮಕೂರಿನವನು" ಅನ್ನಬೇಡಿ. ನಾಲ್ಕು ದಶಕ ಮಷೀನಿನ ಪಕ್ಕ ನಿಂತವರೇ ಹೀಗೆ ಕುಗ್ಗಿ ಮಾತಾಡಿದರೆ ಹೇಗೆ? ಟೊಯೊಟಾದ ಉತ್ಪಾದನಾ ಪದ್ಧತಿ ರೂಪಿಸಿದ ತೈಚಿ ಓನೊ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಎಂಜಿನಿಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಏನು ಕಂಡೆ ಎಂದು ಕೇಳುತ್ತಿದ್ದರಂತೆ. ಅದಕ್ಕೆ ಪ್ರೊಜೆಕ್ಟರ್ ಬೇಕಿರಲಿಲ್ಲ. ಒಂದು ತುಂಡು ಸೀಮೆಸುಣ್ಣ, ಮತ್ತು ಏನನ್ನು ನೋಡಬೇಕೆಂದು ಗೊತ್ತಿರುವ ಒಬ್ಬ ಮನುಷ್ಯ, ಅಷ್ಟೇ.

ನಾನೇ ಒಮ್ಮೆ ಇಂಥ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಂದು ಕಾರು ಕಂಪನಿಯ ಖರೀದಿ ವಿಭಾಗದಿಂದ ನಿವೃತ್ತರಾದವರು ಪಾಠಕ್ಕೆ ಬಂದಿದ್ದರು. ಚೀಲದಿಂದ ಕಬ್ಬಿಣದ ಸಣ್ಣ ಬ್ರಾಕೆಟ್‌ಗಳನ್ನು ತೆಗೆದು ಬೆಂಚಿಗೊಂದರಂತೆ ಇಟ್ಟರು. ಇದರ ಬೆಲೆ ಎಷ್ಟು ಎಂದರು. ಹುಡುಗರು ಕೈಯಲ್ಲಿ ತೂಗಿ ನೋಡಿ ಬಾಯಿಗೆ ಬಂದದ್ದು ಹೇಳಿದರು. ತಗಡಿನ ಬೆಲೆ, ಕತ್ತರಿಸುವಾಗ ಹೋಗುವ ಸ್ಕ್ರ್ಯಾಪ್, ಪ್ರೆಸ್ಸಿನ ಸಮಯ, ವೆಲ್ಡಿಂಗ್, ಬಣ್ಣ, ಲಾರಿ ಬಾಡಿಗೆ ಎಂದು ಒಂದೊಂದೇ ಅವರಿಂದಲೇ ಹೊರಡಿಸಿದರು. ಬೋರ್ಡು ತುಂಬಿತು. ಆಮೇಲೆ, "ನಾನು ಗಿರಾಕಿ. ಪ್ರತಿ ವರ್ಷ ಬೆಲೆ ಶೇಕಡ 3 ಇಳಿಸಬೇಕು. ಎಲ್ಲಿ ಇಳಿಸ್ತೀರಿ?" ಎಂದರು. ಒಬ್ಬ ಹುಡುಗಿ ಕೆಲಸದವರನ್ನು ಕಡಿಮೆ ಮಾಡ್ತೀನಿ ಎಂದಳು. "ಯಾರನ್ನು? ಹೆಸರು ಹೇಳಮ್ಮ" ಎಂದರು ಅವರು. ತರಗತಿ ನಿಶ್ಶಬ್ದವಾಯಿತು. ಆ ಹುಡುಗಿ ಬೋರ್ಡನ್ನೇ ನೋಡುತ್ತಾ ಬಹಳ ಹೊತ್ತು ಯೋಚಿಸಿ, ಸ್ಕ್ರ್ಯಾಪ್ ಕಡಿಮೆ ಮಾಡಬಹುದಾ ಸರ್ ಎಂದಳು. ಮುಂದಿನ ಸೆಮಿಸ್ಟರಿಗೆ ಆ ಕಾಲೇಜು ಅವರನ್ನು ಕರೆಯಲಿಲ್ಲ. ಅರ್ಹತೆಯ ಕಾಲಂ ಖಾಲಿ ಇತ್ತಂತೆ.

ನಿಯಮ ಬಿಡುವುದಿಲ್ಲ ಎಂದು ನಿಮಗೆ ಹೇಳಿದ್ದಾರಲ್ಲ, ಅದು ಪೂರ್ತಿ ನಿಜವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲೇ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ದಾರಿ ತೆರೆದಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ, ಹಿರಿಯ ಹುದ್ದೆಯಲ್ಲಿ ಅನುಭವ ಇರುವವರನ್ನು ತೆಗೆದುಕೊಳ್ಳಬಹುದು, ಪಿಎಚ್‌ಡಿ ಕಡ್ಡಾಯವಿಲ್ಲ. ಮಂಜೂರಾದ ಹುದ್ದೆಗಳ ಶೇಕಡ 10ರ ಮಿತಿಯಿದೆ. ಅವಧಿ ಸಾಮಾನ್ಯವಾಗಿ ಮೂರು ವರ್ಷ ಮೀರುವಂತಿಲ್ಲ, ಅಪರೂಪಕ್ಕೆ ಇನ್ನೊಂದು ವರ್ಷ. ಬಾಗಿಲು ಇದೆ. ತೆಗೆಯುವ ಮನಸ್ಸು ಕಾಲೇಜುಗಳಿಗೆ ಬರಬೇಕು. ಪ್ರಿನ್ಸಿಪಾಲರ ಮೇಜಿನ ಮೇಲೆ ಆ ಮಾರ್ಗಸೂಚಿಯ ಪ್ರತಿ ಇಟ್ಟು ಮಾತಾಡಿ.

ನನ್ನ ಸಂಕಟ ಇನ್ನೂ ದೊಡ್ಡದು. ಬಿಡದಿಯಲ್ಲಿ ಟೊಯೊಟಾದವರು 2007ರಲ್ಲಿ ಒಂದು ತರಬೇತಿ ಶಾಲೆ ತೆರೆದರು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳು ಅಲ್ಲೇ ಉಳಿದು ಮೂರು ವರ್ಷ ಕಲಿಯುತ್ತಾರೆ. ಸ್ಪ್ಯಾನರ್ ಹಿಡಿದೇ ಕಲಿಯುತ್ತಾರೆ. ನಾಳೆ ಆ ಮಗುವಿನ ಮೇಲೆ ಮ್ಯಾನೇಜರಾಗಿ ಬರುವ ಎಂಬಿಎ ಹುಡುಗ ಎಷ್ಟು ಬೋಲ್ಟು ಬಿಗಿದಿರುತ್ತಾನೆ? ಅವನು ಕಾರ್ಖಾನೆ ನೋಡಿದ್ದು ಒಂದು ದಿನದ ಪ್ರವಾಸದಲ್ಲಿ, ಬಿಸ್ಕತ್ತು, ಟೀ, ಗುಂಪು ಫೋಟೋ ಜೊತೆ. ಅವನ ತಪ್ಪಲ್ಲ ಇದು. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು ಅವನಿಗೆ ಬರೀ ಸ್ಲೈಡು ತೋರಿಸಿದವರ ತಪ್ಪು. ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಮೈಸೂರಿನ ಹೆಬ್ಬಾಳದಲ್ಲಿ ಪ್ರತಿ ವರ್ಷ ನಿಮ್ಮಂಥವರು ಹಾರ ಹಾಕಿಸಿಕೊಂಡು ಗೇಟು ದಾಟುತ್ತಾರೆ. ಅವರು ಕಲಿತದ್ದೆಲ್ಲ ಬೆಳಗಿನ ವಾಕಿಂಗು, ವಾಟ್ಸಾಪ್ ಫಾರ್ವರ್ಡುಗಳ ನಡುವೆ ಕರಗಿಹೋಗುತ್ತದೆ. ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಬಳದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿ ಎಂದ ವಿಶ್ವೇಶ್ವರಯ್ಯನವರ ನಾಡಲ್ವಾ ಇದು?

ಒಂದು ಕಿವಿಮಾತು. ತರಗತಿಯಲ್ಲಿ ನಿಮ್ಮ ಸಾಧನೆಯ ಪಟ್ಟಿ ಓದಬೇಡಿ, ಹುಡುಗರು ಮೊಬೈಲ್ ತೆಗೆಯುತ್ತಾರೆ. ಅವತ್ತು ನಿಮ್ಮ ಮುಂದೆ ಇದ್ದ ಕಾಗದಗಳನ್ನೇ ಅವರ ಮುಂದಿಡಿ, ನೀವು ಏನು ಮಾಡಿದಿರಿ ಎಂದು ಕೊನೆಯವರೆಗೂ ಹೇಳಬೇಡಿ, ಅವರು ತೀರ್ಮಾನ ಮಾಡಲಿ. ಹಳೇ ಕಂಪನಿಯ ಗುಟ್ಟು, ಹೆಸರು ಬೇಡ. ಸಂಭಾವನೆ ಬಿಡಬೇಡಿ. ಪುಕ್ಕಟೆ ಬರುವವರಿಗೆ ವೇಳಾಪಟ್ಟಿಯಲ್ಲಿ ಯಾವಾಗಲೂ ಶನಿವಾರ ಮಧ್ಯಾಹ್ನವೇ ಸಿಗುವುದು. ಮಕ್ಕಳಿಗೆ ಹೇಳಿ, ಅಪ್ಪನಿಗೆ ಆರಾಮ ಅಂದರೆ ಇದೇ ಎಂದು.

ತುಮಕೂರು, ಬೆಂಗಳೂರು ಸುತ್ತಮುತ್ತ ಇವರಿಗೆ ಒಂದು ಪೂರ್ತಿ ಸೆಮಿಸ್ಟರ್ ಕೊಡಲು ತಯಾರಿರುವ ಕಾಲೇಜಿನವರು ಪತ್ರಿಕೆಗೆ ಬರೆಯಿರಿ. ನಾನೇ ಅವರಿಗೆ ತಲುಪಿಸುತ್ತೇನೆ.