ಎಚೆವೇರಿಯಾ ಮಳೆಗಾಲದಲ್ಲಿ ಕೊಳೆಯುತ್ತಿದ್ದರೆ
ಬೀದರಿನ ತಾರಸಿಯಲ್ಲಿ ಬೇಸಿಗೆ ದಾಟಿದ ಎಚೆವೇರಿಯಾ (ದಪ್ಪ ಎಲೆಗಳಲ್ಲಿ ನೀರು ಹಿಡಿದಿಡುವ ಅಲಂಕಾರಿಕ ಗಿಡ) ಆಗಸ್ಟ್ ಮಳೆಗೆ ಬುಡದಲ್ಲಿ ಕೊಳೆಯುತ್ತಿದೆ ಎಂದು ಕೇಳಿದ್ದೀರಿ. ಮಳೆಗಿಂತ ನಿಮ್ಮ ಕುಂಡದ ಎರೆಮಣ್ಣೇ ಅದಕ್ಕೆ ಶತ್ರು. ಒಮ್ಮೆ ನೆನೆದರೆ ಬೇಗ ಆರುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ.

ಇವತ್ತೇ ಗಿಡ ಕಿತ್ತು ಕಾಂಡವನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಒಳಗೆ ಕಂದು ಉಂಗುರ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ, ತಿಳಿಹಸಿರು ಬರುವವರೆಗೆ. ಎಲೆಗಳಿರುವ ಆ ಮೇಲಿನ ತುದಿಯನ್ನು ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ಗಾಯ ಮುಚ್ಚದೆ ದಯವಿಟ್ಟು ನೆಡಬೇಡಿ. ನೆಡಲು ನಮ್ಮೂರಿನ ಕೆಂಪು ಗರಸನ್ನೇ ಜರಡಿ ಹಿಡಿಯಿರಿ. ಪುಡಿ ಬಿಟ್ಟು ಜರಡಿಯಲ್ಲಿ ಉಳಿದ ಹರಳುಕಲ್ಲು ಎರಡು ಪಾಲು, ಎಲೆಗೊಬ್ಬರ ಒಂದು ಪಾಲು. ದುಡ್ಡು ಕೊಟ್ಟು ಬೇರೆ ಮಿಶ್ರಣ ತರಿಸುವ ಅಗತ್ಯವೇ ಇಲ್ಲ. ಮೆಕ್ಸಿಕೊದ ಗುಡ್ಡಗಳ ಈ ಗಿಡಕ್ಕೆ ನಮ್ಮ ಚಳಿಗಾಲದ ಬಿಸಿಲು ಚೆನ್ನಾಗಿ ಒಗ್ಗುತ್ತದೆ. ಮಳೆ ನಿಲ್ಲುವವರೆಗೆ ಮಾತ್ರ ಸೂರಿನಡಿ, ಗಾಳಿಯಾಡುವ ಕಡೆ ಇಡಿ.