ಸ್ಪ್ಯಾನಿಶ್ ಕ್ರಿಯಾಪದದ ಇಷ್ಟೊಂದು ರೂಪಗಳನ್ನು ಬಾಯಿಪಾಠ ಮಾಡಲೇಬೇಕಾ?

ಸ್ಪ್ಯಾನಿಶ್ ಶುರು ಮಾಡಿ ತಿಂಗಳಾಯ್ತು, ಒಂದೇ ಕ್ರಿಯಾಪದಕ್ಕೆ ಪುಟ ತುಂಬ ರೂಪಗಳಿವೆ, ಎಲ್ಲ ಉರು ಹೊಡೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಆ ಪಟ್ಟಿಯ ಇಂಗ್ಲಿಷ್ ಅರ್ಥ ಅಳಿಸಿ, ಪಕ್ಕದಲ್ಲಿ ಕನ್ನಡ ಬರೆದುಕೊಳ್ಳಿ. ನನಗೆ ದಾರಿ ಸಿಕ್ಕಿದ್ದು ಹಾಗೆ.

‘ಕಂತಾರ್’ ತಗೊಳ್ಳಿ, ಹಾಡುವುದು ಅಂತ ಅರ್ಥ. ಕೊನೆಯ ‘ಆರ್’ ಕಿತ್ತು ಬಾಲ ಅಂಟಿಸಿ. ಕಾಂತೊ ಅಂದರೆ ಹಾಡುತ್ತೇನೆ, ಕಾಂತಸ್ ಹಾಡುತ್ತೀಯ, ಕಂತಾಮೊಸ್ ಹಾಡುತ್ತೇವೆ, ಕಾಂತನ್ ಹಾಡುತ್ತಾರೆ. ‘ಕಾಂತ’ ಅಂದರೆ ಹಾಡುತ್ತಾನೆ, ಹಾಡುತ್ತಾಳೆ ಎರಡೂ. ನಾನು, ನೀನು ಅಂತ ಹೇಳಲೇಬೇಕಿಲ್ಲ, ನಮ್ಮ ಹಾಗೇ.

ಎರಡು ಭೂತಕಾಲ ಇದೆ ಅಂತ ಹೆದರಬೇಡಿ. ಕಂತೇ ಅಂದರೆ ಹಾಡಿದೆ, ಮುಗೀತು. ಕಂತಾಬ ಅಂದರೆ ಹಾಡುತ್ತಿದ್ದೆ. ‘ಚಿಕ್ಕವಳಿದ್ದಾಗ ದಿನಾ ಹಾಡುತ್ತಿದ್ದೆ’ ಅಂತೀವಿ, ಅಲ್ವಾ? ಅಲ್ಲಿ ಕಂತಾಬ. ‘ಎ ಕಂತಾದೊ’ ಇನ್ನೂ ಚೆಂದ: ಹಾಡಿದ್ದೇನೆ. ನಾವು ‘ಹಾಡಿ’ಗೆ ‘ಇದ್ದೇನೆ’ ಸೇರಿಸುತ್ತೇವೆ, ಅವರು ‘ಅಬೇರ್’ ಅನ್ನುವ ಸಹಾಯಕ ಕ್ರಿಯಾಪದದ ‘ಎ’ ಸೇರಿಸುತ್ತಾರೆ.

ಅದೇ ‘ಎ’ ಭವಿಷ್ಯತ್ತಿನಲ್ಲಿ ಹಿಂದೆ ಬಂದು ಅಂಟಿಕೊಂಡಿದೆ: ಕಂತರೇ. ಇಲ್ಲಿ ‘ಆರ್’ ಕೀಳಬಾರದು. ಆ ಪೂರ್ತಿ ‘ಕಂತಾರ್’ಗೇ ‘ಈಯ’ ಹಾಕಿದರೆ ಕಂತರೀಯ. ‘ಟೈಮ್ ಇದ್ದಿದ್ದರೆ ಹಾಡುತ್ತಿದ್ದೆ’ ಅನ್ನುವಾಗಿನ ಹಾಡುತ್ತಿದ್ದೆ ಇದು. ಇಲ್ಲಿ ಕನ್ನಡ ಕೈ ಕೊಡುತ್ತದೆ ನೋಡಿ, ನಮಗೆ ಎರಡಕ್ಕೂ ಒಂದೇ ಪದ. ಮಾತಿನಲ್ಲಿ ‘ರೆ’ ಇದ್ದರೆ ಕಂತಾಬ ಅಲ್ಲ, ಕಂತರೀಯ ಅಂತ ನಾನು ಗುರುತು ಇಟ್ಟುಕೊಂಡಿದ್ದೇನೆ.

ಇನ್ನು ಎಲ್ಲರೂ ಹೆದರಿಸುವ ಸಬ್‌ಜಂಕ್ಟಿವ್, ಅಂದರೆ ಆಸೆ, ಅನುಮಾನ ಹೇಳುವಾಗಿನ ರೂಪ. ಬಾಲದ ‘ಅ’ ಜಾಗಕ್ಕೆ ‘ಎ’ ಬರುತ್ತದೆ, ಅಷ್ಟೇ. ಕಾಂತ ಅಂದರೆ ಹಾಡುತ್ತಾಳೆ, ಕಾಂತೆ ಅಂದರೆ ಹಾಡಲಿ. ‘ಕಿಯೆರೊ ಕೆ ಕಾಂತೆ’: ಅವಳು ಹಾಡಲಿ ಅಂತ ನನ್ನಾಸೆ. ಎಲ್ಲ ಕಡೆ ‘ಲಿ’ ಹೊಂದುವುದಿಲ್ಲ, ಶುರುವಿಗೆ ಧಾರಾಳ ಸಾಕು. ‘ಏರ್’, ‘ಈರ್’ ಕ್ರಿಯಾಪದಗಳಲ್ಲಿ ಇದು ಉಲ್ಟಾ: ಕೋಮೆ ತಿನ್ನುತ್ತಾಳೆ, ಕೋಮ ತಿನ್ನಲಿ.

ನಾನು ಜಾಸ್ತಿ ಎಡವಿದ್ದು ರೂಪಗಳಲ್ಲಲ್ಲ, ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನುವುದರಲ್ಲಿ. ಒಮ್ಮೆ ಕ್ಲಾಸಿನಲ್ಲಿ ‘ನಿನ್ನೆ ಅವನು ಹಾಡಿದ’ ಅನ್ನಲು ಹೋಗಿ ಕಾಂತೊ ಅಂದೆ. ‘ನೀನಾ? ಎಲ್ಲಿ, ಹಾಡು ನೋಡೋಣ’ ಅಂದರು ಟೀಚರ್. ಹೇಳಬೇಕಿದ್ದದ್ದು ಕಂತೋ. ಕಂತಾರ ಅಂದರೆ ‘ಅವನು ಹಾಡುವ ಹಾಗಿದ್ದಿದ್ದರೆ’ ಅನ್ನುವಾಗಿನ ರೂಪ, ಕಂತರಾ ಅಂದರೆ ಮುಂದೆ ಹಾಡುತ್ತಾನೆ. ಒತ್ತು ಬೀಳುವ ಕಡೆ ದೀರ್ಘ ಹಾಕಿ ಕನ್ನಡದಲ್ಲೇ ಬರೆದುಕೊಂಡು ಜೋರಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಈ ಜೋಡಿಗಳು ಕಿವಿಗೆ ಬೀಳುವುದೇ ಇಲ್ಲ.