ಕಾಡು ಸೋಂಪು: ಮೂಗು ಹೇಳಿದ್ದನ್ನು ಕಣ್ಣೂ ಒಪ್ಪಬೇಕು

ಪ್ರಶ್ನೆ: ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಮೆಡಿಟರೇನಿಯನ್ ತೀರದಲ್ಲಿದ್ದೇನೆ. ನಾನು ನಡೆಯಲು ಹೋಗುವ ಗುಡ್ಡದ ದಾರಿಯ ಎರಡೂ ಬದಿಯಲ್ಲಿ ಎದೆಯೆತ್ತರದ ಗಿಡಗಳಿವೆ. ಎಲೆ ಸಬ್ಬಸಿಗೆಯಂತೆ ಎಳೆ ಎಳೆಯಾಗಿದೆ, ಹೂವು ಹಳದಿ, ಹಿಸುಕಿದರೆ ಸೋಂಪಿನ ಪರಿಮಳ. ಇದು ಕಾಡು ಸೋಂಪೇ? ಕೊಯ್ದು ಅಡುಗೆಗೆ ಬಳಸಬಹುದೇ? ಇದೇ ಜಾತಿಯಲ್ಲಿ ವಿಷದ ಗಿಡಗಳೂ ಇವೆ ಎಂದು ಗೆಳೆಯರು ಹೆದರಿಸಿದ್ದಾರೆ.

ಉತ್ತರ: ಗೆಳೆಯರು ಹೆದರಿಸಿದ್ದು ಒಳ್ಳೆಯದೇ ಆಯಿತು. ನೀವು ಬರೆದ ಮೂರೂ ಲಕ್ಷಣಗಳು ಕಾಡು ಸೋಂಪಿಗೆ ಹೊಂದುತ್ತವೆ. ಮೆಡಿಟರೇನಿಯನ್ ತೀರವೇ ಅದರ ತವರು. ಪ್ರಾಚೀನ ಗ್ರೀಕರು ಸೋಂಪನ್ನು ಮಾರಥಾನ್ ಎಂದು ಕರೆಯುತ್ತಿದ್ದರು. ಕ್ರಿ.ಪೂ. 490ರಲ್ಲಿ ಯುದ್ಧ ನಡೆದ ಮಾರಥಾನ್ ಬಯಲಿಗೂ ಅದೇ ಹೆಸರು. ಆದರೂ ಒಂದು ಪತ್ರವನ್ನು ಓದಿ ‘ತಿನ್ನಿ’ ಎಂದು ಹೇಳಲು ನನಗೆ ಮನಸ್ಸು ಬಾರದು. ಗುರುತು ಹಿಡಿಯುವ ಬಗೆಯನ್ನು ಹೇಳುತ್ತೇನೆ. ತೀರ್ಮಾನವನ್ನು ಗಿಡದ ಮುಂದೆ ನಿಂತು ನೀವೇ ಮಾಡಬೇಕು. ಸಾಧ್ಯವಾದರೆ ಮೊದಲ ಸಲ ಆ ಗಿಡವನ್ನು ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಸೋಂಪು ಕ್ಯಾರೆಟ್ ಕುಟುಂಬಕ್ಕೆ ಸೇರಿದ್ದು. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಇಂಗು ಎಲ್ಲವೂ ಇದೇ ಮನೆತನದವು. ಛತ್ರಿಯ ಕಡ್ಡಿಗಳಂತೆ ಒಂದೇ ಬಿಂದುವಿನಿಂದ ಹೊರಡುವ ಹೂಗೊಂಚಲು ಈ ಮನೆತನದ ಗುರುತು. ತೊಡಕು ಇರುವುದೂ ಅಲ್ಲಿಯೇ. ಪರಿಮಳದ ಗಿಡಕ್ಕೂ ಪ್ರಾಣ ತೆಗೆಯುವ ಗಿಡಕ್ಕೂ ಅದೇ ಛತ್ರಿ. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಇದೇ ಕುಟುಂಬದ್ದು. ಅದರಲ್ಲಿರುವ ಕೊನೈನ್ ಎಂಬ ವಿಷ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆ, ಕೊನೆಗೆ ಉಸಿರಾಟವನ್ನೇ ನಿಲ್ಲಿಸುತ್ತದೆ. ಒಣಗಿಸಿದರೆ ಅಥವಾ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಾರದು.

ಪೂರ್ತಿ ಬೆಳೆದು ಹೂ ಬಿಟ್ಟ ಹೆಮ್ಲಾಕನ್ನು ಸೋಂಪೆಂದು ತಿಳಿಯುವುದು ಕಷ್ಟ. ಅದರ ಹೂವು ಬಿಳಿ. ಕಾಂಡ ನುಣುಪು, ಅದರ ಮೇಲೆ ನೇರಳೆ ಬಣ್ಣ ಚಿಮುಕಿಸಿದಂತೆ ಮಚ್ಚೆಗಳಿರುತ್ತವೆ. ಎಲೆ ಜರೀಗಿಡದ ಎಲೆಯಂತೆ ಚಪ್ಪಟೆ, ನೂಲಿನಂತಲ್ಲ. ಹಿಸುಕಿದರೆ ಇಲಿ ಓಡಾಡುವ ಮೂಲೆಯ ನಾತ. ಸೋಂಪಿನ ಎಲೆಯೋ ದಾರದಷ್ಟು ಸಪೂರ, ಒಂದೊಂದು ಎಳೆಯೂ ಅರ್ಧ ಮಿಲಿಮೀಟರಿನಷ್ಟೇ ಅಗಲ. ಕಾಂಡದ ಮೇಲೆ ಬೂದಿ ಸವರಿದಂಥ ನೀಲಿಹಸಿರು ಛಾಯೆ ಇರುತ್ತದೆ, ಮಚ್ಚೆ ಇರುವುದಿಲ್ಲ. ಹೀಗೆ ಓದುವಾಗ ಎರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಅಪಾಯ ಇರುವುದು ಎಳೆಯ ಗಿಡಗಳಲ್ಲಿ. ಹೆಮ್ಲಾಕ್ ಮೊದಲ ವರ್ಷ ಹೂವನ್ನೇ ಬಿಡುವುದಿಲ್ಲ, ನೆಲಕ್ಕೆ ಹರಡಿಕೊಂಡು ಬರೀ ಎಲೆಯಾಗಿರುತ್ತದೆ. ಮಚ್ಚೆಗಳೂ ಆಗ ಮಸುಕು. ಸೋಂಪು ಬೆಳೆಯುವ ದಾರಿಬದಿ, ಪಾಳುಭೂಮಿ, ತೊರೆಯ ದಂಡೆಗಳಲ್ಲಿಯೇ ಅದೂ ಬೆಳೆಯುತ್ತದೆ, ಎಷ್ಟೋ ಸಲ ಸೋಂಪಿನ ಬುಡದಲ್ಲಿಯೇ. ಒಮ್ಮೆ ನನ್ನ ಜೊತೆ ಕಲಿಯಲು ಬಂದವರು ಕೊಯ್ದು ತಂದ ಕಟ್ಟನ್ನು ಬಿಚ್ಚಿ ನೋಡಿದೆ. ಇಪ್ಪತ್ತು ಸೋಂಪಿನ ಕುಡಿಗಳ ನಡುವೆ ಹೆಮ್ಲಾಕಿನ ಒಂದು ಎಲೆ ಇತ್ತು. ಹಿಡಿಯಷ್ಟು ಸೊಪ್ಪನ್ನು ಒಟ್ಟಿಗೆ ಹಿಡಿದು ಕತ್ತರಿಸಿದ್ದರಿಂದ ಹಾಗಾಗಿತ್ತು. ಇಡೀ ಕಟ್ಟನ್ನು ಎಸೆದೆವು. ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ: ಒಂದು ಸಲಕ್ಕೆ ಒಂದೇ ಕುಡಿ, ಅದನ್ನು ತಿರುಗಿಸಿ ನೋಡಿದ ಮೇಲೆಯೇ ಚೀಲಕ್ಕೆ.

ಇನ್ನು ಪರಿಮಳದ ಮಾತು. ಸೋಂಪನ್ನು ಒಮ್ಮೆ ಹಿಸುಕಿದ ಬೆರಳಿಗೆ ಅದರ ಎಣ್ಣೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಬೆರಳಿನಿಂದ ಯಾವ ಎಲೆಯನ್ನು ಮುಟ್ಟಿದರೂ ಸೋಂಪೇ ಘಮಘಮಿಸುತ್ತದೆ, ಹೆಮ್ಲಾಕಿನ ಎಲೆಯೂ ಕೂಡ. ‘ವಾಸನೆ ನೋಡಿಯೇ ಕೊಯ್ದೆ’ ಎನ್ನುವವರು ಮೋಸಹೋಗುವುದು ಹೀಗೆ. ಮೊದಲು ಕಣ್ಣಿನಿಂದ ನೋಡಿ ನಿಶ್ಚಯಿಸಿ, ಆಮೇಲೆ ಮೂಗಿಗೆ ಕೊಡಿ. ಸಂಶಯವಿದ್ದರೆ ಕೈ ತೊಳೆದುಕೊಂಡು ಇನ್ನೊಮ್ಮೆ ನೋಡಿ.

ನೀವಿರುವ ತೀರದಲ್ಲಿ ಇನ್ನೂ ಒಂದು ಗಿಡವಿದೆ, ಅದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ‘ಹಳದಿ ಹೂವಾದರೆ ಭಯವಿಲ್ಲ’ ಎಂಬ ಮಾತನ್ನು ನೀವು ಕೇಳಿರಬಹುದು. ಅದನ್ನು ಮರೆತುಬಿಡಿ. ಫೆರುಲಾ ಕಮ್ಯೂನಿಸ್ ಎಂಬ ಗಿಡಕ್ಕೆ ‘ದೈತ್ಯ ಸೋಂಪು’ ಎಂಬ ಹೆಸರೇ ಇದೆ. ಹೂವು ಹಳದಿ, ಎಲೆ ನೂಲಿನಂತೆ ಸಪೂರ, ಬೆಳೆಯುವ ಜಾಗವೂ ಅದೇ ಒಣ ಗುಡ್ಡ. ನಮ್ಮ ಇಂಗಿನ ಗಿಡಕ್ಕೆ ಅದು ತೀರಾ ಹತ್ತಿರದ ನೆಂಟ, ಎರಡೂ ಫೆರುಲಾಗಳೇ. ಆದರೆ ಅದು ಸೋಂಪಲ್ಲ, ತಿನ್ನುವಂಥದ್ದೂ ಅಲ್ಲ. ಅದರ ವಿಷಕಾರಿ ಬಗೆಗಳನ್ನು ಮೇಯ್ದ ಕುರಿ ಮತ್ತು ದನಗಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ ಒಳಗೊಳಗೇ ರಕ್ತಸ್ರಾವವಾಗುತ್ತದೆ. ಇಟಲಿಯ ಸಾರ್ಡಿನಿಯಾ ದ್ವೀಪದ ಕುರಿಗಾಹಿಗಳಿಗೆ ಇದು ಚೆನ್ನಾಗಿ ಗೊತ್ತು. ಇದನ್ನು ಬೇರ್ಪಡಿಸಲು ಕಾಂಡ ನೋಡಿ. ದೈತ್ಯ ಸೋಂಪಿನದು ಊರುಗೋಲಿನಂತೆ ದಪ್ಪ, ಎಲೆಯ ತೊಟ್ಟು ಕಾಂಡವನ್ನು ಅಪ್ಪುವಲ್ಲಿ ದೊಡ್ಡದಾಗಿ ಉಬ್ಬಿದ ಒರೆ. ಸೋಂಪಿನ ಸಿಹಿ ಪರಿಮಳ ಅದಕ್ಕಿಲ್ಲ. ಅದರ ಕಾಯಿ ಅಗಲ ಮತ್ತು ಚಪ್ಪಟೆ, ಸೋಂಪಿನದು ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳಿನಂತೆ ಗೀರುಗೀರಾಗಿ ದುಂಡಗೆ. ಹೂವಿನ ಕಾಲವೂ ಬೇರೆ: ದೈತ್ಯ ಸೋಂಪು ವಸಂತದಲ್ಲಿ ಅರಳಿ ಮುಗಿಸುತ್ತದೆ, ಸೋಂಪು ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ಅರಳುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ನಿಮ್ಮ ದಾರಿಯ ಗಿಡಗಳನ್ನು ಒಂದು ವರ್ಷ ಸುಮ್ಮನೆ ನೋಡುತ್ತಿರಿ. ಹೂವು, ಕಾಯಿ, ಒಣಗಿ ನಿಂತ ಕಡ್ಡಿ ಎಲ್ಲವನ್ನೂ ನೋಡಿ. ಸೋಂಪು ಬಹುವಾರ್ಷಿಕ. ಚಳಿಗಾಲ ಕಳೆದಾಗ ಹಿಂದಿನ ವರ್ಷದ ಒಣ ದಂಟಿನ ಬುಡದಿಂದಲೇ ಹೊಸ ಕುಡಿ ಬರುತ್ತದೆ. ಆ ಒಣ ದಂಟಿನ ತುದಿಯಲ್ಲಿ ಉಳಿದ ನಾಲ್ಕು ಕಾಳು ಉಜ್ಜಿ ನೋಡಿದರೆ ಬುಡದ ಕುಡಿ ಯಾರ ಮಗುವೆಂದು ತಿಳಿಯುತ್ತದೆ. ಎಲೆ, ಕಾಂಡ, ಹೂವು, ಕಾಳು, ಪರಿಮಳ ಐದೂ ಒಂದೇ ಮಾತು ಹೇಳಿದ ಗಿಡದಿಂದ ಮುಂದಿನ ವಸಂತದಲ್ಲಿ ಕೊಯ್ಯಿರಿ. ಒಂದು ಲಕ್ಷಣ ತಕರಾರು ಮಾಡಿದರೂ ಆ ಗಿಡವನ್ನು ಬಿಡಿ.

ಸಂಶಯದ ಗಿಡವನ್ನು ಯಾರಾದರೂ ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯಬಾರದು. ಉಳಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಗಿಡದ ಗುರುತು ಖಚಿತವಿದೆ, ಊರಿನ ಹಿರಿಯರೊಬ್ಬರು ಕಲಿಸಿದ್ದಾರೆ. ಯಾವಾಗ ಯಾವ ಭಾಗ ಕೊಯ್ಯಬೇಕು? ಒಣಗಿಸಿದ ಎಲೆಗೆ ಹುಲ್ಲಿನ ರುಚಿ ಬಂತು. ಕಾಳೂ ಕಹಿ.

ಉತ್ತರ: ಎಲೆಯನ್ನು ಒಣಗಿಸಬೇಡಿ, ಅದರ ಸುಗಂಧ ನಿಲ್ಲುವುದಿಲ್ಲ. ಹೆಚ್ಚಾಗಿ ಸಿಕ್ಕರೆ ಸಣ್ಣಗೆ ಹೆಚ್ಚಿ, ಸ್ವಲ್ಪ ಎಣ್ಣೆ ಬೆರೆಸಿ ಫ್ರೀಜರಿನಲ್ಲಿಡಿ. ಎಣ್ಣೆ ಏಕೆಂದರೆ, ಸೋಂಪಿಗೆ ಸಿಹಿ ಪರಿಮಳ ಕೊಡುವ ಅನೆಥೋಲ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಅಡುಗೆಯಲ್ಲಿಯೂ ಇದನ್ನು ನೆನಪಿಡಿ. ವಸಂತದ ಕುಡಿಯನ್ನು ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ನಾರು ಎಳೆದರೆ ಕಾಲ ಮೀರಿದೆ ಎಂದರ್ಥ. ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಹಿಂಡಿ, ಹೆಚ್ಚಿ, ಎಣ್ಣೆಯಲ್ಲಿ ಈರುಳ್ಳಿಯೊಡನೆ ಬಾಡಿಸಿ. ಆಲೂಗಡ್ಡೆ, ಕಾಳು, ಮೊಟ್ಟೆ, ಮೀನು ಯಾವುದಕ್ಕೂ ಹೊಂದುತ್ತದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಸಿಸಿಲಿಯಲ್ಲಿ ಕಾಡು ಸೋಂಪು ಮತ್ತು ಸಾರ್ಡೀನ್ ಮೀನಿನ ಪಾಸ್ಟಾ ಮಾಡುವವರು ಆ ನೀರಿನಲ್ಲಿಯೇ ಪಾಸ್ಟಾ ಬೇಯಿಸುತ್ತಾರೆ.

ಕಾಡು ಸೋಂಪಿನಲ್ಲಿ ಪೇಟೆಯ ಸೋಂಪಿನಂತೆ ಬಿಳಿ ಗೆಡ್ಡೆ ಕಟ್ಟುವುದಿಲ್ಲ. ಅದನ್ನು ಹುಡುಕಿ ಬೇರು ಅಗೆಯಬೇಡಿ. ಬೇರಿಗೆ ಬಂದರೆ ಗುರುತು ತಪ್ಪುವ ಸಂಭವ ಹೆಚ್ಚು. ಬ್ರಿಟನ್ನಿನಂಥ ದೇಶಗಳಲ್ಲಿ ಜಮೀನಿನ ಒಡೆಯರ ಅನುಮತಿ ಇಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದು 1981ರ ಕಾಯ್ದೆಯ ಪ್ರಕಾರ ಅಪರಾಧ. ನೀವಿರುವ ಕಡೆಯ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ.

ಕಾಳಿನ ಕಹಿಗೆ ಕಾರಣ ಫೆಂಕೋನ್. ಕರ್ಪೂರದ ಜಾಡಿನ ಈ ಅಂಶ ಕಾಡುಗಿಡಗಳಲ್ಲಿ ಹೆಚ್ಚು. ಒಂದು ಗಿಡದಿಂದ ಇನ್ನೊಂದಕ್ಕೆ ಅದರ ಪ್ರಮಾಣ ಬೇರೆಯಾಗುತ್ತದೆ. ಗುರುತು ಖಚಿತವಾದ ಗಿಡಗಳಲ್ಲಿ ಒಂದೊಂದು ಕಾಳು ಬಾಯಿಗೆ ಹಾಕಿ ನೋಡಿ, ಸಿಹಿಯಾದದ್ದಕ್ಕೆ ಒಂದು ದಾರ ಕಟ್ಟಿಬನ್ನಿ. ಬಹುವಾರ್ಷಿಕವಾದ್ದರಿಂದ ಮುಂದಿನ ವರ್ಷವೂ ಆ ಗಿಡ ಅಲ್ಲಿಯೇ ಇರುತ್ತದೆ. ಕಾಳು ಕಂದಾಗುವವರೆಗೆ ಕಾಯಬೇಕಾಗಿಲ್ಲ. ತುಂಬಿಕೊಂಡು ಇನ್ನೂ ಹಸಿರಾಗಿರುವಾಗ ರಸಭರಿತವಾಗಿ ಸಿಹಿಯಾಗಿರುತ್ತದೆ, ನನಗಂತೂ ಅದೇ ಇಷ್ಟ. ಡಬ್ಬಿಯಲ್ಲಿಡಲು ಬೇಕಾದರೆ ಹಸಿರು ಮಾಸುವಾಗ ಗೊಂಚಲು ಸಹಿತ ಕೊಯ್ದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸುಗಂಧವೂ ನೀರಿನ ಜೊತೆ ಹೊರಟುಹೋಗುತ್ತದೆ.

ನೀವು ಕೇಳದ ಒಂದು ಭಾಗವನ್ನೂ ಹೇಳಲೇಬೇಕು: ಪರಾಗ. ಇದಕ್ಕಿಂತ ಸೊಗಸಾದ ಮಸಾಲೆಯನ್ನು ನಾನು ಕಾಡಿನಿಂದ ತಂದಿಲ್ಲ. ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳಿದ ಗೊಂಚಲುಗಳನ್ನು ಒಂದೊಂದು ಗಿಡದಿಂದ ಎರಡು ಮೂರರಂತೆ ಕತ್ತರಿಸಿ. ಒಂದು ಗಂಟೆ ನೆರಳಿನಲ್ಲಿ ಹರಡಿ, ಒಳಗಿರುವ ಕೀಟಗಳು ಹಾರಿಹೋಗಲಿ. ನಂತರ ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ. ಕೆಲವು ದಿನಗಳಲ್ಲಿ ಒಣಗಿದ ಮೇಲೆ ಚೀಲವನ್ನು ಕೊಡವಿ, ಉದುರಿದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ. ಪುಟ್ಟ ಹೂಗಳ ಚೂರೂ ಅದರಲ್ಲಿ ಇದ್ದೇ ಇರುತ್ತದೆ, ಇರಲಿ. ಸಿಗುವುದು ಚಮಚಗಳ ಲೆಕ್ಕದಲ್ಲಿ. ಒಲೆಯಿಂದ ಇಳಿಸಿದ ಮೇಲೆ ಚಿಟಿಕೆಯಷ್ಟು ಉದುರಿಸಿದರೆ ಸಾಕು.

ಪ್ರಶ್ನೆ: ಮಧ್ಯಾಹ್ನದ ಬಿಸಿಲಿನಲ್ಲಿ ಸೋಂಪು ಕೊಯ್ದು ಬಂದ ಎರಡನೆಯ ದಿನ ಮುಂಗೈ ಮೇಲೆ ಗೀರು ಎಳೆದಂತೆ ಬೊಬ್ಬೆಗಳು ಎದ್ದವು. ಈಗ ಕಪ್ಪು ಕಲೆ ಉಳಿದಿದೆ. ಇದು ಅಲರ್ಜಿಯೇ?

ಉತ್ತರ: ನೀವು ಬರೆದಿರುವ ರೀತಿ ಅಲರ್ಜಿಗಿಂತ ಸುಟ್ಟ ಗಾಯಕ್ಕೆ ಹೆಚ್ಚು ಹೋಲುತ್ತದೆ. ಕ್ಯಾರೆಟ್ ಕುಟುಂಬದ ಹಲವು ಗಿಡಗಳ ರಸದಲ್ಲಿ ಫ್ಯೂರಾನೊಕೂಮರಿನ್ ಎಂಬ ರಾಸಾಯನಿಕಗಳಿವೆ. ರಸ ತಾಗಿದ ಚರ್ಮದ ಮೇಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅವು ಚರ್ಮದ ಕೋಶಗಳನ್ನು ಕೆಡಿಸುತ್ತವೆ. ಬೊಬ್ಬೆ ಏಳುವುದು ಒಂದೆರಡು ದಿನ ಕಳೆದ ಮೇಲೆ. ದಂಟು ಉಜ್ಜಿದ ದಾರಿಯಲ್ಲಿಯೇ ಗೀರಿನಂತೆ ಏಳುತ್ತದೆ. ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಆದರೆ ಸೋಂಪು ಇಷ್ಟು ಜೋರಾಗಿ ಸುಡುವುದು ಅಪರೂಪ. ಅದರ ಪಕ್ಕದಲ್ಲಿ ಕಾಡು ಪಾರ್ಸ್ನಿಪ್ ಇತ್ತೇ ಎಂದು ಇನ್ನೊಮ್ಮೆ ಹೋಗಿ ನೋಡಿ. ಅದರ ಹೂವೂ ಹಳದಿ, ಆದರೆ ಎಲೆ ಅಗಲ ಮತ್ತು ಅಂಚು ಗರಗಸದಂತೆ. ಚರ್ಮ ಸುಡುವುದರಲ್ಲಿ ಅದು ಕುಖ್ಯಾತ. ಮುಂದಿನ ಸಲ ಉದ್ದ ತೋಳಿನ ಅಂಗಿ, ಕೈಗವಸು ಧರಿಸಿ, ಸಂಜೆಯ ಹೊತ್ತಿಗೆ ಹೋಗಿ. ರಸ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆದು ಆ ಭಾಗವನ್ನು ಎರಡು ದಿನ ಬಿಸಿಲಿಗೆ ಒಡ್ಡಬೇಡಿ. ಕಣ್ಣಿಗೆ ತಾಗಿದರೆ ಅಥವಾ ಬೊಬ್ಬೆ ದೊಡ್ಡದಾದರೆ ವೈದ್ಯರನ್ನು ಕಾಣಿ. ನಿಜವಾದ ಅಲರ್ಜಿಯೂ ಇಲ್ಲದಿಲ್ಲ: ಸೆಲೆರಿ ಅಥವಾ ಕ್ಯಾರೆಟ್ ತಿಂದಾಗ ಬಾಯಿ ತುರಿಸುವವರು ಸೋಂಪಿನಿಂದಲೂ, ಅದರ ಪರಾಗದಿಂದಲೂ ದೂರವಿರಬೇಕು.

ಪ್ರಶ್ನೆ: ಹೊಟ್ಟೆನೋವಿಗೆಂದು ಮಗುವಿಗೆ ಕಾಡು ಸೋಂಪಿನ ಕಷಾಯ ಕೊಡಬಹುದೇ? ನಾನು ಗರ್ಭಿಣಿಯೂ ಹೌದು.

ಉತ್ತರ: ಬೇಡ, ಮಗುವಿಗೂ ಬೇಡ, ನಿಮಗೂ ಬೇಡ. ಸೋಂಪಿನಲ್ಲಿರುವ ಎಸ್ಟ್ರಗೋಲ್ ಎಂಬ ಅಂಶ ದೊಡ್ಡ ಪ್ರಮಾಣದಲ್ಲಿ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆ ಬೆಳೆಸಿದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೋಂಪಿನ ಔಷಧಿಯನ್ನು ಶಿಫಾರಸು ಮಾಡುವುದಿಲ್ಲ. ಊಟದಲ್ಲಿ ಬೀಳುವ ಚಿಟಿಕೆ ಸೋಂಪು ಬೇರೆ, ದಿನವೂ ಕುಡಿಯುವ ಗಟ್ಟಿ ಕಷಾಯ ಬೇರೆ. ಅದರ ಎಣ್ಣೆಯನ್ನಂತೂ ಯಾರೂ ಸೇವಿಸಬಾರದು. ಮಗುವಿನ ಹೊಟ್ಟೆನೋವಿಗೆ ವೈದ್ಯರನ್ನು ಕಾಣಿ.

ಪ್ರಶ್ನೆ: ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಕಾಡು ಸೋಂಪನ್ನು ಕಳೆ ಎನ್ನುತ್ತಾರೆ. ಹಾಗಾದರೆ ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ ಕೊಯ್ಯಬಹುದಲ್ಲವೇ?

ಉತ್ತರ: ಕಳೆ ಎನ್ನುವುದು ನಿಜ. ಅಲ್ಲಿನ ಸಾಂತಾ ಕ್ರೂಜ್ ದ್ವೀಪದಲ್ಲಿ ಮೇಯುವ ದನ, ಕುರಿಗಳನ್ನು ಇಲ್ಲವಾಗಿಸಿದ ಮೇಲೆ ಸೋಂಪು ಪೊದೆಯಾಗಿ ಹಬ್ಬಿ ಸ್ಥಳೀಯ ಗಿಡಗಳನ್ನು ಮುಚ್ಚಿಹಾಕಿತು. ಹಾಗಾಗಿ ಹೆಚ್ಚು ಕೊಯ್ದೆನೆಂದು ಅಲ್ಲಿ ಮರುಗಬೇಕಾಗಿಲ್ಲ. ಕಾಳು ಉದುರುವ ಮೊದಲೇ ಕೊಯ್ದರೆ ಉಪಕಾರವೇ, ದಾರಿಯಲ್ಲಿ ಕಾಳು ಚೆಲ್ಲದಂತೆ ಮುಚ್ಚಿದ ಚೀಲದಲ್ಲಿ ತನ್ನಿ. ಆದರೆ ಕಳೆ ಎಂದ ಮೇಲೆ ಕಳೆನಾಶಕ ಸಿಂಪಡಿಸುವವರೂ ಇರುತ್ತಾರೆ. ರೈಲುಹಳಿ, ಹೆದ್ದಾರಿಯ ಅಂಚು, ಹೊಲದ ಬದುಗಳಿಂದ ಕೊಯ್ಯಬೇಡಿ. ತುದಿ ಸುರುಟಿಕೊಂಡು ಹಳದಿಯಾದ ಗಿಡವನ್ನು ಮುಟ್ಟಬೇಡಿ. ಹಳೆಯ ಹೆದ್ದಾರಿಗಳ ಪಕ್ಕದ ಮಣ್ಣಿನಲ್ಲಿ ಒಂದು ಕಾಲದ ಪೆಟ್ರೋಲಿನ ಸೀಸ ಇಂದಿಗೂ ಉಳಿದಿದೆ. ಉದ್ಯಾನ ಅಥವಾ ರಕ್ಷಿತ ಪ್ರದೇಶವಾದರೆ ಕಳೆಯೇ ಆದರೂ ಅನುಮತಿ ಬೇಕು.

ಇನ್ನೊಂದು ವಿಷಯ. ಕೊಯ್ಯುವ ಮೊದಲು ಎಲೆಯ ನಡುವೆ ಹಸಿರು ಮೈ, ಕಪ್ಪು ಪಟ್ಟೆ, ಚುಕ್ಕೆಗಳಿರುವ ಹುಳುವಿದೆಯೇ ನೋಡಿ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕೊಂಬು ಹೊರಚಾಚುತ್ತದೆ. ಅದು ಸ್ವಾಲೋಟೇಲ್ ಚಿಟ್ಟೆಯ ಮರಿ. ನಿಮ್ಮ ಸೀಮೆಯಲ್ಲಿ ಆ ಚಿಟ್ಟೆ ಈಗ ಹೊರಗಿನಿಂದ ಬಂದ ಈ ಸೋಂಪನ್ನೂ ನೆಚ್ಚಿಕೊಂಡು ಮೊಟ್ಟೆಯಿಡುತ್ತದೆ. ಹುಳುವಿರುವ ಗಿಡವನ್ನು ಹಾಗೆಯೇ ಬಿಟ್ಟು ಪಕ್ಕದ ಗಿಡದಿಂದ ಕೊಯ್ದುಕೊಳ್ಳಿ.